ಅಮರೇಶಣ್ಣ ಕಟ್ಟಿದ ಕೈಮರ

ನಮ್ಮಣ್ಣ ಅಮರೇಶಪ್ಪ ಮೂವತ್ತಾರು ವರ್ಷ ರೈಲ್ವೆಯಲ್ಲಿ ಲಿವರ್ ಎಳೆದವನು. ಸ್ಟೇಷನ್ನಿನ ಪಕ್ಕದ ಕೋಣೆಯಲ್ಲಿ ಎದೆಯೆತ್ತರದ ಕಬ್ಬಿಣದ ಹಿಡಿಗಳು ಸಾಲಾಗಿ ನಿಂತಿರುತ್ತಿದ್ದವು. ಒಂದನ್ನು ಎಳೆದರೆ ಅದಕ್ಕೆ ಕಟ್ಟಿದ ತಂತಿ ಜಗ್ಗಿ ಅರ್ಧ ಮೈಲಿ ಆಚೆ ಕೈಮರದ, ಅಂದರೆ ಸಿಗ್ನಲ್ ಕಂಬದ, ಕೆಂಪು ಕೈ ಕೆಳಗೆ ಬಾಗುತ್ತದೆ, ಗಾಡಿ ಬರಬಹುದು. ಹಿಡಿಯನ್ನು ಹಿಂದಕ್ಕೆ ಹಾಕಿದರೆ ಕೈ ಅಡ್ಡವಾಗುತ್ತದೆ, ಗಾಡಿ ನಿಲ್ಲಬೇಕು. ಎಳೆದು ಎಳೆದು ಅವನ ಬಲಗೈ ಎಡಗೈಗಿಂತ ದಪ್ಪ. ಹಿಂದೂಪುರದಲ್ಲಿ ರಿಟೈರಾದ. ಅತ್ತಿಗೆ ತೀರಿಕೊಂಡ ಮೇಲೆ ಕಲ್ಯಾಣದುರ್ಗಕ್ಕೆ, ನನ್ನ ಮನೆಗೆ ಬಂದ. ಜೊತೆಯಲ್ಲಿ ಒಂದು ಟ್ರಂಕು, ಒಂದು ಹಳೇ ಬಾಗಿಲ ಹಲಗೆ.

ಆ ಹಲಗೆಯನ್ನು ಮುಂದಿನ ಕೋಣೆಯಲ್ಲಿ ಹಾಸಿ ಅದರ ಮೇಲೆ ಪುಟ್ಟ ಸ್ಟೇಷನ್ ಕಟ್ಟಲು ಕೂತ. ಹಳಿ, ಗಾಡಿ ಎರಡನ್ನೂ ಹಿಂದೂಪುರದ ಆಟಿಕೆ ಅಂಗಡಿಯಿಂದ ತಂದಿದ್ದ. ಕೈಮರ ಮಾತ್ರ ತಾನೇ ಮಾಡಬೇಕು ಅಂದ. ಯಾವ ಸ್ಟೇಷನ್ನು ಅಂತ ನಾನು ಕೇಳಲಿಲ್ಲ. ನೀರಿನ ತೊಟ್ಟಿ, ಅದರ ಪಕ್ಕ ಎರಡು ಬೇವಿನ ಗಿಡ ಇಟ್ಟ ಕೂಡಲೇ ಗೊತ್ತಾಯಿತು. ನಮ್ಮ ಯಜಮಾನರು ಸತ್ತ ಜಾಗ. ಅದರ ಹೆಸರು ಬರೆಯುವುದಿಲ್ಲ.

ಯಜಮಾನರ ಹೆಸರು ರುದ್ರಮುನಿ. ದಿನಾ ನಸುಕಿನಲ್ಲಿ ಸುತ್ತಿಗೆ ಹಿಡಿದು ಹಳಿಯ ಉದ್ದಕ್ಕೂ ನಡೆದು ಸಡಿಲವಾದದ್ದನ್ನು ಬಿಗಿ ಮಾಡುವ ಕೆಲಸ. ಮೂವತ್ತನಾಲ್ಕು ವರ್ಷದ ಹಿಂದೆ, ಪುಷ್ಯ ಮಾಸದಲ್ಲಿ, ನಮ್ಮಣ್ಣ ಅವರಿಗೆ ಹೇಳಿದ್ದ: "ಗೂಡ್ಸು ಹೊರಗೇ ನಿಲ್ತದೆ ಬಾವ. ನೀನು ನಿಧಾನಕ್ಕೆ ಮುಗಿಸ್ಕೋ." ಗೂಡ್ಸು ನಿಲ್ಲಲಿಲ್ಲ. ಆಗ ಐದು ನಲವತ್ತು.

ವಿಚಾರಣೆಯಲ್ಲಿ ಡ್ರೈವರು ಕೈ ಕೆಳಗಿತ್ತು ಅಂದ. ಎಷ್ಟು ಕೆಳಗೆ ಎಂದು ಕೇಳಿದರೆ ಮಂಜಿನಲ್ಲಿ ಹೇಳಲಾರೆ ಅಂದ. ಹಿಂದಿನ ಗಾಡಿ ಹೋದ ಮೇಲೆ ಹಿಡಿ ವಾಪಸ್ ಹಾಕಿದ್ದೆ ಎಂದು ಅಣ್ಣ ಬರೆದುಕೊಟ್ಟ. ಹಾಕಿದ್ದನೋ ಇಲ್ಲವೋ ಅವನಿಗೇ ನೆನಪಿರಲಿಲ್ಲ. ಇದನ್ನು ಅವನು ನನಗೆ ಹೇಳಿದ್ದು ಈ ಹಲಗೆಯ ಮುಂದೆ ಕೂತು.

"ಚಳಿಗೆ ತಂತಿ ಮೊಟಕಾಯ್ತದೆ ಕಣಮ್ಮಿ. ಆಗ ಯಾರೂ ಎಳೀದೇನೇ ಕೈ ವಸಿ ಜೋಲ್ತದೆ. ವಸಿ, ಅಷ್ಟೇಯ. ಪೂರ್ತಿ ಬೀಳಬೇಕಾದ್ರೆ ಹಿಡಿ ಎಳೆದೇ ಇರಬೇಕು. ಅವತ್ತು ತಂತಿಯೋ ನನ್ ಕೈಯೋ, ಸಾಯೋದ್ರೊಳ್ಗೆ ತಿಳ್ಕೋಬೇಕು."

"ತಿಳ್ಕೊಂಡು?"

"ತಂತಿ ಆದ್ರೆ ನಿನ್ ಮನೇಲಿ ಉಂಡದ್ದು ಮೈಗೆ ಹತ್ತೀತು."

ನಾನು ನಲವತ್ತು ವರ್ಷ ರವಿಕೆ ಹೊಲಿದವಳು. ಬೆರಳ ಕೆಲಸಕ್ಕೆ ನಾನು ಕೂತೆ. ಕಂಬಕ್ಕೆ ಹಳೇ ಛತ್ರಿಯ ಕೋಲು. ಕೈಗೆ ಪೌಡರ್ ಡಬ್ಬಿಯ ತಗಡು, ಒಂದು ಬೆರಳುದ್ದ, ಕೆಂಪು ಬಳಿದು ತುದಿಯಲ್ಲಿ ಬಿಳಿ ಪಟ್ಟೆ. ಕೈ ತಿರುಗುವುದಕ್ಕೆ ಒಂಬತ್ತನೇ ನಂಬರಿನ ಸೂಜಿ, ಅದಕ್ಕೆ ಒಂದು ತೊಟ್ಟು ಹರಳೆಣ್ಣೆ. ದೀಪದ ಗಾಜಿಗೆ ಕೆಂಪು, ಹಸಿರು ಬಳೆಚೂರು. ಕೈಯ ಹಿಂದಿನ ತುದಿಗೆ ಅಣ್ಣ ಎರಡು ಸಣ್ಣ ನಟ್ಟು ನೇತುಹಾಕಿದ. ಆ ಭಾರಕ್ಕೆ ಕೈ ತಾನಾಗಿ ಅಡ್ಡ ನಿಲ್ಲುತ್ತದೆ. ತಂತಿ ಹರಿದರೂ ಅಡ್ಡವೇ ನಿಲ್ಲಬೇಕು, ಅದು ರೈಲ್ವೆಯ ನಿಯಮ.

ತಂತಿಗೆ ಸೈಕಲ್ ಬ್ರೇಕಿನ ಎಳೆ ಬಿಡಿಸಿ ಬೆಸೆದೆವು. ಗಿಡ್ಡ ತಂತಿಗೆ ಚಳಿ ತಟ್ಟುವುದಿಲ್ಲ ಎಂದು ಕಿಟಕಿಯಿಂದ ಹೊರಗೆ ಬಿಟ್ಟು, ಕಾಂಪೌಂಡಿನ ಗೋಡೆ ಹಿಡಿದು ಹಿತ್ತಲವರೆಗೆ ಇಪ್ಪತ್ತೆರಡು ಮೊಳ ಎಳೆದೆವು. ಗೋಡೆಯುದ್ದಕ್ಕೂ ರವಿಕೆಯ ಹುಕ್ಕು ಬಡಿದು ಅದರೊಳಗೆ ತೂರಿಸಿದೆ. ಹಿಡಿ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ.

ಪಕ್ಕದ ಮನೆ ವಾಣಿಶ್ರೀ ಬಂದು ಸೊಂಟಕ್ಕೆ ಕೈ ಇಟ್ಟು ನೋಡುತ್ತಿದ್ದಳು. ಅಣ್ಣನನ್ನು ತೆಲುಗಿನಲ್ಲಿ ಪೆದ್ದಾಯನ, ಅಂದರೆ ಹಿರಿಯರೇ, ಎಂದೇ ಕರೆಯುವಳು. "ಏನ್ ಪೆದ್ದಾಯನ, ನಿಮ್ ಟೇಸನ್ನಾಗೆ ಟಿಕೀಟು ಎಲ್ ಕೊಡ್ತಾರೆ?"

"ನಿನಗೆ ಪ್ಲಾಟ್‌ಫಾರಂ ಟಿಕೀಟೇ ಸಾಕು. ನೀನು ಹತ್ತಿದ್ರೆ ನನ್ ಗಾಡಿ ಏಳಾಕಿಲ್ಲ."

"ಚೂಡಕ್ಕಾ, ನಿಮ್ಮಣ್ಣಂಗೆ ಎಷ್ಟು ಕೊಬ್ಬು," ಎಂದು ನನಗೆ ಹೇಳಿ ನಗುತ್ತಾ ಹೋಗುತ್ತಿದ್ದಳು.

ಎರಡು ಚಳಿಗಾಲ ಕಳೆಯಿತು. ದಿನಾ ಬೆಳಿಗ್ಗೆ ಅಣ್ಣ ಕಂಬಳಿ ಹೊದ್ದು ಕೈಮರದ ಮುಂದೆ ಕೂರುತ್ತಿದ್ದ. ಕೈ ಒಂದು ದಿನವೂ ಜೋಲಲಿಲ್ಲ. ಮೊಟಕಾದಷ್ಟನ್ನೂ ಹುಕ್ಕುಗಳ ಸಡಿಲು ನುಂಗುತ್ತಿತ್ತು. ನಾನು ಹಾಗೆ ಹೇಳಿದರೆ ಅವನು ಒಪ್ಪಲಿಲ್ಲ. ಊಟ ಅರ್ಧ ಮುದ್ದೆಗೆ ಬಂತು, ಆಮೇಲೆ ಕಾಲು ಮುದ್ದೆಗೆ. "ಹಂಗಾದ್ರೆ ನಾನೇಯ," ಎಂದು ಒಂದು ದಿನ ಗೋಡೆಗೆ ಹೇಳಿದ.

ಅವತ್ತು ಸಂಜೆ ಅವನು ಗುಡಿಗೆ ಹೋದಾಗ ಎರಡು ನಟ್ಟಿನಲ್ಲಿ ಒಂದನ್ನು ನಾನು ಬಿಚ್ಚಿದೆ. ಅಳತೆ ತಪ್ಪಿಸಿ ನಾನು ಮಾಡಿದ ಕೆಲಸ ಅದೊಂದೇ.

ಬೆಳಿಗ್ಗೆ ಕೈ ಎರಡು ಭತ್ತದ ಕಾಳಿನಷ್ಟು ಜೋತಿತ್ತು. ಅಣ್ಣ ಬಗ್ಗಿ ಬೆರಳಿಟ್ಟು ಅಳೆದ.

"ತಂತಿ ಕಣಮ್ಮಿ," ಅಂದ.

"ತಂತಿನೇ ಅಣ್ಣಯ್ಯ."

ಮಧ್ಯಾಹ್ನ ಒಂದೂವರೆ ಮುದ್ದೆ ಉಂಡ. ಇನ್ನು ಹಿಡಿಯ ತಂಟೆ ಬೇಡ ಎಂದು ಹಿತ್ತಲ ಕಡೆ ಹೋಗುವುದನ್ನೇ ಬಿಟ್ಟ. ಸಂಜೆ ನಾನು ನಟ್ಟನ್ನು ಮತ್ತೆ ಹಾಕಿದೆ. ಕೈ ಸರಿಯಾಗಿ ಅಡ್ಡ ನಿಂತಿತು. ಮೂರು ಸಲ ನೋಡಿದೆ.

ಮಾರನೆಯ ಬೆಳಿಗ್ಗೆ ನಲ್ಲಿ ನೀರಿಗೆಂದು ಎದ್ದೆ. ಕೈಮರದ ಕೈ ಪೂರ್ತಿ ಕೆಳಗೆ ಬಿದ್ದಿತ್ತು. ಗಡಿಯಾರದಲ್ಲಿ ಐದು ನಲವತ್ತು.

ನಟ್ಟು ಎರಡೂ ಇದ್ದವು. ಹಿತ್ತಲಿಗೆ ಹೋಗಿ ನೋಡಿದರೆ ಹಿಡಿ ಹಿಂದಕ್ಕೇ ಇತ್ತು, ಅದರ ಮೇಲೆ ಇಬ್ಬನಿ ಕೂತಿತ್ತು, ಯಾರೂ ಮುಟ್ಟಿದ ಗುರುತಿಲ್ಲ. ತಂತಿಯನ್ನು ಬೆರಳಲ್ಲಿ ಒತ್ತಿದೆ, ಸಡಿಲವಾಗಿತ್ತು. ಒಳಗೆ ಬಂದು ಕೈಯನ್ನು ಮೆಲ್ಲಗೆ ಎತ್ತಿದೆ, ನಿಂತಿತು. ಅಣ್ಣ ಏಳುವುದು ಆರಕ್ಕೆ. ಎದ್ದು ಬಂದವನು ಅಡ್ಡ ನಿಂತ ಕೈಯನ್ನು ನೋಡಿ, "ಇವತ್ತು ಚಳಿ ಕಮ್ಮಿ," ಅಂದ.

ಮರುದಿನವೂ ಹಾಗೇ. ಅದರ ಮರುದಿನವೂ. ಪೂರ್ತಿ ಬೀಳಬೇಕಾದರೆ ಹಿಡಿ ಎಳೆದಿರಬೇಕು ಎಂದು ಅವನೇ ಹೇಳಿದ್ದ. ಇದನ್ನು ಅವನು ನೋಡಬಾರದು. ನಾಲ್ಕನೆಯ ದಿನ ಕಂಬದಿಂದ ಹಿತ್ತಲವರೆಗೆ ತಂತಿಯನ್ನು ಪೂರಾ ಬಿಚ್ಚಿ ಸುತ್ತಿ ನನ್ನ ಹೊಲಿಗೆ ಡಬ್ಬಿಯಲ್ಲಿ ಇಟ್ಟೆ. ಅಣ್ಣನ ಕಣ್ಣಿಗೆ ಪೊರೆ ಬಂದಿದೆ, ಎಳೆ ಇಲ್ಲದ್ದು ಕಾಣದು ಎಂದುಕೊಂಡೆ.

ತಂತಿ ಇಲ್ಲದೆಯೂ ಬಿತ್ತು.

ನಾನು ಅದರ ಮುಂದೆ ಕೂತು ಯಜಮಾನರಿಗೆ ಹೇಳಿದೆ: "ನಿಮಗೆ ಗೊತ್ತಾದದ್ದು ನನಗೂ ಗೊತ್ತಾಯ್ತು. ನನಗೇನೂ ಕೋಪ ಇಲ್ಲ. ಅವನಿಗೆ ಎಪ್ಪತ್ತು ದಾಟಿತು. ಬಿಟ್ಟುಬಿಡ್ರಿ." ಮಾರನೆಯ ದಿನವೂ ಬಿದ್ದಿತ್ತು. ಎತ್ತಿದೆ. ಹೀಗೆ ಹದಿಮೂರು ದಿನ, ಐದೂವರೆಗೆ ಎದ್ದು ಕಾಯುವುದು, ಎತ್ತುವುದು. ಬೀಳುವುದನ್ನು ಮಾತ್ರ ಒಂದು ದಿನವೂ ಕಾಣಲಿಲ್ಲ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬಿದ್ದಿರುತ್ತಿತ್ತು.

ಹದಿನಾಲ್ಕನೆಯ ದಿನ ನನಗೆ ಜ್ವರ. ಕಣ್ಣು ಬಿಟ್ಟಾಗ ಬಿಸಿಲು ಬಂದಿತ್ತು. ಗೋಡೆ ಹಿಡಿದುಕೊಂಡು ಮುಂದಿನ ಕೋಣೆಗೆ ಹೋದೆ. ಕೈ ಅಡ್ಡವಾಗಿ ನಿಂತಿತ್ತು. ಅಣ್ಣ ಅದರ ಮುಂದೆ ಕಂಬಳಿ ಹೊದ್ದು ಕೂತಿದ್ದ. ತೋರುಬೆರಳಿನ ತುದಿಗೆ ಹರಳೆಣ್ಣೆ ಮೆತ್ತಿತ್ತು.

"ಯಾವಾಗ ಎದ್ದೆ ಅಣ್ಣಯ್ಯ?"

"ಈಗ್ತಾನೆ."

"ಕೈ ಬಿದ್ದಿತ್ತಾ?"

ಅವನು ಬೆರಳನ್ನು ಕಂಬಳಿಗೆ ಒರೆಸಿಕೊಂಡ. ನನ್ನ ಮುಖ ನೋಡಲಿಲ್ಲ.

"ವಸಿ ಜೋತಿತ್ತು. ಎರಡು ಕಾಳಿನಷ್ಟು. ತಂತಿ ಬಿಗಿದೈತೆ, ಚಳಿ ನೋಡು."

ಕಂಬದಲ್ಲಿ ತಂತಿ ಇಲ್ಲ ಎಂದು ಅವನಿಗೆ ಹೇಳಲಿಲ್ಲ.

"ಹೂಂ, ಚಳಿ ಜಾಸ್ತಿನೇ," ಎಂದು ಅವನ ಪಕ್ಕ ಕೂತೆ.