ಅನಿಕಾಳ ಡಿಟೆಕ್ಟರ್ ಕೂಗಿದಾಗ

ಬೆಳಿಗ್ಗೆ ಹತ್ತು ನಲವತ್ತಕ್ಕೆ, ಒಂಬತ್ತು ವರ್ಷದ ಅನಿಕಾ ಜೋಡಿಸಿದ್ದ ಡಿಟೆಕ್ಟರ್ ಕೂಗತೊಡಗಿತು. ಅಮೆರಿಕದ ಮನ್ರೋ ಊರಿನ ಬಾಡಿಗೆ ಹಾಲ್ ಒಂದರಲ್ಲಿ, ಭಾನುವಾರದ ಕನ್ನಡ ಕ್ಲಾಸ್ ಆದಮೇಲೆ ನಾನು ಮಕ್ಕಳಿಗೆ ವಿಜ್ಞಾನದ ಪ್ರಯೋಗ ಮಾಡಿಸುತ್ತೇನೆ. ಅಂದು ಹನ್ನೊಂದು ಮಕ್ಕಳು ಕಾರ್ಬನ್ ಮಾನಾಕ್ಸೈಡ್ ಪತ್ತೆಹಚ್ಚುವ ಪುಟ್ಟ ಯಂತ್ರ ಮಾಡುತ್ತಿದ್ದರು. ಬಣ್ಣ, ವಾಸನೆ ಯಾವುದೂ ಇಲ್ಲದ ಆ ಅನಿಲ ಜೀವ ತೆಗೆಯಬಲ್ಲದು.

ವೈರಿಂಗ್ ತಪ್ಪಿರಬೇಕೆಂದು ನಾನು ಬ್ಯಾಟರಿ ಕಿತ್ತೆ. ನನ್ನ ಎಂಜಿನಿಯರ್ ಬುದ್ಧಿಗೆ ಹೊಳೆದದ್ದು ಅಷ್ಟೇ.

ಅನಿಕಾ ಸದ್ದಿಲ್ಲದೆ ಬ್ಯಾಟರಿ ಹಾಕಿ, ಯಂತ್ರವನ್ನು ಎರಡು ಸಲ ಬಾಗಿಲಾಚೆ ಒಯ್ದು ಮರಳಿ ತಂದಳು. “ಆಂಟಿ, ಐ ಚೆಕ್ಡ್ ಇಟ್ ಟ್ವೈಸ್. ಹೊರಗೆ ಹೋದ್ರೆ ಸುಮ್ನಾಗತ್ತೆ, ಒಳಗೆ ಬಂದ್ರೆ ಕೂಗತ್ತೆ.”

ಆಗ ನನ್ನ ಕಣ್ಣು ಮೇಜಿಗೆ ತಲೆಯಿಟ್ಟಿದ್ದ ಇಬ್ಬರು ಮಕ್ಕಳತ್ತ ಹೋಯಿತು. ತಲೆನೋವು ಎಂದಿದ್ದರು, ತಿಂಡಿ ತಿಂದಿಲ್ಲವೇನೋ ಎಂದುಕೊಂಡು ನಾನು ಸುಮ್ಮನಿದ್ದೆ.

ಹನ್ನೊಂದು ಮಕ್ಕಳನ್ನೂ ಕೋಟು ಹಾಕಿಸಲೂ ಕಾಯದೆ ಹೊರಗಿನ ಹಿಮಕ್ಕೆ ಕರೆತಂದು ತುರ್ತು ಸೇವೆಯ 911ಕ್ಕೆ ಫೋನ್ ಮಾಡಿದೆ. ಬೇಸ್‌ಮೆಂಟಿನ ಹೀಟರ್‌ನಿಂದ ಅದೇ ಅನಿಲ ಸೋರುತ್ತಿತ್ತೆಂದು ಅಗ್ನಿಶಾಮಕ ದಳದವರು ಹೇಳಿದರು. ತಲೆನೋವಿನ ಮಕ್ಕಳಿಬ್ಬರಿಗೆ ಆಕ್ಸಿಜನ್ ಕೊಟ್ಟು ಆಸ್ಪತ್ರೆಗೆ ಕರೆದೊಯ್ದರು. ಸಂಜೆಯೊಳಗೆ ಅವರೂ ಆಸ್ಪತ್ರೆಯಿಂದ ಮನೆ ಸೇರಿದರು.

ಮೂರು ವಾರ, ಕಣ್ಣು ಮುಚ್ಚಿದರೆ ಬ್ಯಾಟರಿ ಕೀಳುವ ನನ್ನದೇ ಕೈ ಕಾಣುತ್ತಿತ್ತು. ನಾಲ್ಕನೆಯ ಭಾನುವಾರ ಅನಿಕಾಳ ಪಕ್ಕ ಕುಳಿತು, “ಮೊದಲೇ ನಿನ್ನ ಮಾತು ಕೇಳಬೇಕಿತ್ತು, ಸಾರಿ ಪುಟ್ಟಾ” ಎಂದೆ. ಅವಳು ವೈರ್ ಸುತ್ತುತ್ತಲೇ, “ಇಟ್ಸ್ ಓಕೆ ಆಂಟಿ, ಸೆಕೆಂಡ್ ಟೈಮ್ ಕೇಳಿದ್ರಲ್ಲ” ಎಂದಳು. ಆ ರಾತ್ರಿ ನನಗೆ ಬೆಳಗಿನವರೆಗೂ ಎಚ್ಚರವಾಗಲಿಲ್ಲ.