ರೋಣದ ಪೆಟ್ರೋಲು, ಗಜೇಂದ್ರಗಡದ ಹೆಸರು

ಅಣ್ಣನಿಗೆ ನಾನು ಎಂಟು ತಿಂಗಳು ಸುಳ್ಳು ಹೇಳಿದೆ, ಅದೂ ಪೆಟ್ರೋಲಿನ ವಿಷಯದಲ್ಲಿ. ಇದಕ್ಕಿಂತ ದೊಡ್ಡ ಸುಳ್ಳು ಹೇಳಿ ಸುಖವಾಗಿರುವವರು ನಮ್ಮ ರೋಣದಲ್ಲಿ ಬೇಕಾದಷ್ಟಿದ್ದಾರೆ. ನನಗೆ ಮಾತ್ರ ಅದು ಅರಗಲಿಲ್ಲ.

ಅಣ್ಣ ಕಡಲೆ ವ್ಯಾಪಾರಿ. ಒಂದು ಹಳೆಯ ಬಿಳಿ ಕಾರು ಕೊಂಡಿದ್ದಾನೆ. ಮಂಡಿನೋವಿನಿಂದ ಅವನಿಗೆ ಕ್ಲಚ್ಚು ತುಳಿಯಲು ಆಗುವುದಿಲ್ಲ, ಹಾಗಾಗಿ ಓಡಿಸುವವನು ನಾನು. ಆದರೆ ಕಾರಿಗೆ ಏನು ಕುಡಿಸಬೇಕು ಎಂಬುದನ್ನು ತೀರ್ಮಾನಿಸುವವನು ಅವನು.

ನಮ್ಮ ಕಡೆ ನೀರಿಗೆ ಊರೂರಿಗೂ ಒಂದೊಂದು ರುಚಿ. ಒಂದು ಬಾವಿಯ ನೀರಿಗೆ ಬೇಳೆ ಬೇಯುತ್ತದೆ, ಪಕ್ಕದ ಬೋರಿನ ನೀರಿಗೆ ಬೇಯುವುದಿಲ್ಲ. ಅಣ್ಣ ಇದೇ ವಿದ್ಯೆಯನ್ನು ಪೆಟ್ರೋಲಿಗೂ ಹಚ್ಚಿದ. ರೋಣ, ನರಗುಂದ, ಗಜೇಂದ್ರಗಡ, ಮೂರು ಊರಿನಲ್ಲಿ ಮೂರು ಬೇರೆ ಬೇರೆ ಕಂಪನಿಯ ಪಂಪುಗಳಿಗೆ ಹೋಗಿ, ಅಂಗೈಗೆ ಒಂದು ಹನಿ ಹಾಕಿಸಿಕೊಂಡು, ತಿಕ್ಕಿ, ಮೂಸಿ ನೋಡಿದ. ರೋಣದ್ದು ಜಡ ಎಂದ. ನರಗುಂದದ್ದು ಹಗುರ, ಆದರೆ ನಿಲ್ಲುವುದಿಲ್ಲ ಎಂದ. ಗಜೇಂದ್ರಗಡದ್ದು, ಅದರಲ್ಲೂ ಹೆಚ್ಚಿನ ದರದ ಸ್ಪೆಷಲ್ ಪೆಟ್ರೋಲು, ಖಾಸಾ ಸಿಹಿನೀರು ಎಂದು ತೀರ್ಪು ಕೊಟ್ಟ.

"ಇನ್ನ ಮ್ಯಾಲೆ ಪ್ರತಿ ಸೋಮಾರ ಗಜೇಂದ್ರಗಡಕ್ಕ ಹೋಗಿ ಸ್ಪೆಷಲ್ ಹಾಕ್ಸಕೊಂಡು ಬಾ. ಎರಡು ಊರಿಂದು ಬೆರಸಬ್ಯಾಡ, ಗಾಡಿಗಿ ಹೊಟ್ಟಿ ಕೆಡತೈತಿ."

"ಹೋಗಿ ಬರೂದಕ್ಕ ನಾಕು ಲೀಟರ್ ಸುಡತೈತಲ್ಲಣ್ಣಾ."

"ಸುಡ್ಲಿ. ಚಲೋ ಪೆಟ್ರೋಲೇ ಸುಡತೈತಲ್ಲ."

ಮೊದಲ ಸೋಮವಾರ ನಾನು ಪ್ರಾಮಾಣಿಕವಾಗಿಯೇ ಹೋದೆ. ಆ ಪಂಪಿನಲ್ಲಿ ಎರಡು ಮಷೀನುಗಳಿದ್ದವು. ಎರಡರ ಮೇಲೂ ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಐದನೆಯ ಇಯತ್ತೆಗೆ ಶಾಲೆ ಬಿಟ್ಟವನು. ಕನ್ನಡ ಪೇಪರು ದಿನಾ ಓದುತ್ತೇನೆ. ಇಂಗ್ಲಿಷ್ ಅಕ್ಷರಗಳು ಬಿಡಿಬಿಡಿಯಾಗಿ ಗುರುತು ಸಿಗುತ್ತವೆ, ಗುಂಪಾಗಿ ನಿಂತರೆ ಯಾರದೋ ಮದುವೆಯ ಬೀಗರಂತೆ ಕಾಣುತ್ತವೆ. ಹಿಂದೆ ಒಂದು ಟ್ರ್ಯಾಕ್ಟರು ಹಾರ್ನು ಹೊಡೆಯುತ್ತಿತ್ತು. ಪಂಪಿನವನು "ಯಾವ್ದು ಹಾಕ್ಲಿರಿ?" ಎಂದ. ಎಲ್ಲ ಗೊತ್ತಿದ್ದವನಂತೆ ಎದುರಿನ ಮಷೀನಿಗೆ ಬೆರಳು ತೋರಿಸಿದೆ. ದಾರಿಯಲ್ಲಿ ಚೀಟಿಯ ಮೇಲಿನ ದರ ನೋಡಿದಾಗ ಅದು ಸಾದಾ ಪೆಟ್ರೋಲು ಎಂದು ತಿಳಿಯಿತು.

ಮನೆಗೆ ಬಂದರೆ ಅಣ್ಣ ಬಾನೆಟ್ಟಿನ ಎದುರು ಕಣ್ಣು ಮುಚ್ಚಿ ನಿಂತ. "ಕೇಳಿಲ್ಲಿ. ಹಾಲು ಕಾಯೋ ಸಪ್ಪಳ. ಇದು ನೋಡು ಸ್ಪೆಷಲ್ ಅಂದ್ರ." ಅಷ್ಟು ಖುಷಿಯಲ್ಲಿ ಅವನನ್ನು ನಾನು ಮಗಳ ಮದುವೆಯಲ್ಲೂ ಕಂಡಿರಲಿಲ್ಲ. ನಾನು ಚೀಟಿಯನ್ನು ಮಡಚಿ ಕಿಸೆಯೊಳಗೆ ತುರುಕಿದೆ.

ಮರು ಸೋಮವಾರ ನನಗೆ ಅನ್ನಿಸಿತು: ಹೇಗಿದ್ದರೂ ಸಾದಾ ಪೆಟ್ರೋಲೇ ಆದರೆ ಗಜೇಂದ್ರಗಡ ಯಾಕೆ? ರೋಣದಲ್ಲೇ ಹಾಕಿಸಿಕೊಂಡು ಹೊಳೆಮಣ್ಣೂರಿಗೆ ಹೋಗಿ, ಹೊಳೆಯ ದಂಡೆಯ ಮರದ ಕೆಳಗೆ ಮಲಗಿದೆ. ಅಣ್ಣ ಮೀಟರು ನೋಡಿದರೆ ಕಿಲೋಮೀಟರು ಕೂಡಬೇಕಲ್ಲ ಎಂದು ಬೆಳವಣಕಿಗೂ ಒಂದು ಸುತ್ತು ಹೊಡೆದೆ. ಗಜೇಂದ್ರಗಡಕ್ಕೆ ಹೋಗಿ ಬರುವುದಕ್ಕಿಂತ ಇದೇ ಹೆಚ್ಚು ದಣಿವು. ಮುಂದೆ ಪ್ರತಿ ಸೋಮವಾರ ಹೀಗೇ ನಡೆಯಿತು. ದರದಲ್ಲಿ ಉಳಿದ ರೊಕ್ಕವನ್ನು ನಾನು ಮುಟ್ಟಲಿಲ್ಲ, ಅಣ್ಣನ ಹೆಂಡತಿಯ ಸಾಸಿವೆ ಡಬ್ಬಿಗೆ ಹಾಕುತ್ತಿದ್ದೆ. ಆ ವೈನಿ ಅದನ್ನು ತನ್ನದೇ ಮರೆವು ಎಂದುಕೊಂಡಳು.

ಅಣ್ಣನ ಮಗಳನ್ನು ನರಗುಂದಕ್ಕೆ ಕೊಟ್ಟಿದೆ. ಅವಳ ಮಾವ, ಅಂದರೆ ನಮ್ಮ ಬೀಗರು, ನಮ್ಮ ಕಾರಿನ ಕಂಪನಿಯದೇ ಒಂದು ಕೆಂಪು ಕಾರು ಇಟ್ಟಿದ್ದಾರೆ. ಒಂದು ದಿನ ನಮ್ಮ ಮನೆಯಲ್ಲಿ ಊಟವಾದ ಮೇಲೆ ಮಾತು ಶುರುವಾಯಿತು.

"ನಮ್ಮ ನರಗುಂದದ ಪೆಟ್ರೋಲ್ ಒಮ್ಮೆ ಹಾಕಿ ನೋಡ್ರಿ ಬೀಗರ. ಗಾಡಿ ನೆಲಾ ಮುಟ್ಟೂದಿಲ್ಲ."

"ನೆಲಾ ಮುಟ್ಟದ ಗಾಡಿ ತಗೊಂಡು ಏನ್ ಮಾಡೂದ್ರಿ? ನಮ್ಮದು ಮುಟ್ಟಿಕೊಂಡ ಓಡತೈತಿ," ಎಂದ ಅಣ್ಣ.

ಮಾತಿಗೆ ಮಾತು ಬೆಳೆದು ಪಂದ್ಯ ನಿಶ್ಚಯವಾಯಿತು. ಗಜೇಂದ್ರಗಡದ ಗುಡ್ಡದ ಏರನ್ನು ಎರಡೂ ಕಾರು ಮೂರನೇ ಗೇರಿನಲ್ಲಿ ಹತ್ತಬೇಕು. ಮೊದಲು ಎರಡನೇ ಗೇರಿಗೆ ಇಳಿದವರು ಸೋತಂತೆ. ಸೋತವರು ಇನ್ನು ಮುಂದೆ ಗೆದ್ದವರು ಮೆಚ್ಚಿದ ಪಂಪಿನಲ್ಲೇ ಪೆಟ್ರೋಲು ಹಾಕಿಸಬೇಕು.

ಏರಿನ ಬುಡದಲ್ಲಿ ಅಣ್ಣ ನನ್ನ ಕಿವಿಯಲ್ಲಿ ಕೇಳಿದ: "ಸೋಮಾರ ಸ್ಪೆಷಲ್ ಹಾಕ್ಸೀಯಲ್ಲ? ಬೀಗರ ಮುಂದ ನನ್ನ ಮಾನ ನಿನ್ನ ಕೈಯಾಗೈತಿ."

"ಹಾಕ್ಸೇನಿ," ಎಂದೆ. ಟಾಕಿಯ ತುಂಬ ರೋಣದ ಜಡ ನೀರು.

ಗೆದ್ದವರು ನಾವೇ. ಅರ್ಧ ಏರಿಗೆ ಕೆಂಪು ಕಾರು ಕೆಮ್ಮಿತು, ಬೀಗರು ಗೇರು ಇಳಿಸಿದರು. ಅವರ ಹಿಂದಿನ ಸೀಟಿನಲ್ಲಿ ಪಂದ್ಯ ನೋಡಲು ಬಂದ ಬೀಗತಿ ಮತ್ತು ಬೀಗತಿಯ ಇಬ್ಬರು ಅಕ್ಕಂದಿರು ಇದ್ದರು, ಜೊತೆಗೆ ಒಂದು ಬುಟ್ಟಿ ರೊಟ್ಟಿ. ನಮ್ಮ ಕಾರಿನಲ್ಲಿ ಇಬ್ಬರೇ. ಈ ಸಂಗತಿ ಯಾರ ಲಕ್ಷ್ಯಕ್ಕೂ ಬರಲಿಲ್ಲ.

ಬೀಗರು ಮಾತು ಉಳಿಸಿಕೊಳ್ಳುವ ಮನುಷ್ಯ. ಅಂದಿನಿಂದ ಪ್ರತಿ ಸೋಮವಾರ ನರಗುಂದದಿಂದ ರೋಣ ದಾಟಿ ಗಜೇಂದ್ರಗಡಕ್ಕೆ ಹೋಗಿ ಸ್ಪೆಷಲ್ ಹಾಕಿಸಿಕೊಂಡು, ಮರಳುವಾಗ ನಮ್ಮಲ್ಲಿ ಊಟ ಮಾಡತೊಡಗಿದರು. ಅವರಿಗೆ ಬೆನ್ನುನೋವು. ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿಕೊಂಡು, ಬಾಗಿಲು ಹಿಡಿದು ಒಂದೊಂದೇ ಕಾಲು ಕೆಳಗಿಡುತ್ತಿದ್ದರು. ಒಳಗೆ ವೈನಿ ರೊಟ್ಟಿ ಬಡಿಯುತ್ತ, "ಈ ಗಾಡಿಗೋಳು ಪೆಟ್ರೋಲ್ ಮ್ಯಾಲೆ ಓಡೂದಿಲ್ಲ, ನನ್ನ ರೊಟ್ಟಿ ಮ್ಯಾಲೆ ಓಡತಾವು," ಎನ್ನುತ್ತಿದ್ದಳು.

ಒಂದು ಸೋಮವಾರ ಇಳಿಯುವಾಗ ಬೀಗರು ನನ್ನ ಭುಜ ಹಿಡಿದುಕೊಂಡು, "ನಿಮ್ಮಿಂದ ಚಲೋ ಪೆಟ್ರೋಲ್ ಯಾವ್ದು ಅಂತ ತಿಳೀತು ನೋಡ್ರಿ ತಮ್ಮಾರ. ಬೆನ್ನು ಹೋದ್ರ ಹೋಗ್ಲಿ," ಎಂದರು. ಆ ಸಂಜೆಯೇ ಅಂಗಡಿಗೆ ಹೋಗಿ, ಕಡಲೆ ಚೀಲಗಳ ನಡುವೆ ನಿಂತು, ಅಣ್ಣನಿಗೆ ಎಲ್ಲವನ್ನೂ ಹೇಳಿದೆ. ಇಂಗ್ಲಿಷ್ ಬೋರ್ಡನ್ನೂ ಬಿಡಲಿಲ್ಲ.

ಅಣ್ಣ ತಕ್ಕಡಿ ಕೆಳಗಿಟ್ಟ. "ಓದಾಕ ಬರ್ಲಿಲ್ಲಂದ್ರ ಕೇಳಬೇಕಿಲ್ಲೋ?"

"ಹಿಂದ ಟ್ರ್ಯಾಕ್ಟರ್ ಹಾರ್ನ್ ಹೊಡಿಯಾಕತ್ತಿತ್ತಣ್ಣಾ."

"ಎಂಟು ತಿಂಗಳು ಹೊಡೀತೇನು?"

"ಬೀಗರಿಗೆ ನಾನೇ ಹೋಗಿ ಹೇಳ್ತೇನಿ," ಎಂದೆ.

"ಹೇಳು. ಆಮ್ಯಾಲೆ ಮಗಳು ಆ ಮನ್ಯಾಗ ಹ್ಯಾಂಗ ಮುಖ ಎತ್ತಿ ತಿರಗ್ಯಾಡತಾಳ, ಅದನ್ನೂ ಹೇಳಿ ಬಾ." ಮತ್ತೆ ಯೋಚಿಸಿ, "ಮುಂದಿನ ಸೋಮಾರದಿಂದ ಅವರ ಗಾಡಿ ನೀ ಹೊಡಿ. ಅವರ ಬೆನ್ನರ ಉಳೀಲಿ," ಎಂದ.

ಈಗ ಪ್ರತಿ ಸೋಮವಾರ ಬೆಳಗಿನ ಬಸ್ಸಿಗೆ ನರಗುಂದಕ್ಕೆ ಹೋಗುತ್ತೇನೆ. ಬೀಗರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಂಪು ಕಾರನ್ನು ಗಜೇಂದ್ರಗಡಕ್ಕೆ ಒಯ್ದು, ಖರೇ ಸ್ಪೆಷಲ್ ಹಾಕಿಸಿ, ಅವರನ್ನು ಮನೆ ಮುಟ್ಟಿಸಿ, ಮತ್ತೆ ಬಸ್ಸಿಗೆ ರೋಣಕ್ಕೆ ಬರುತ್ತೇನೆ. ಮೊನ್ನೆ ಬೀಗರು ದಾರಿಯಲ್ಲಿ ಬಾಳೆಹಣ್ಣು ಸುಲಿದು ಅರ್ಧ ನನ್ನ ಕೈಗಿಟ್ಟರು.

"ಎಂಥಾ ಮನಿತನರೀ ನಿಮ್ಮದು. ಗೆದ್ದಿದ್ದೂ ನೀವ, ಸೋತವರ ಗಾಡಿ ಹೊಡಿಯವರೂ ನೀವ," ಎಂದರು.

"ಹೌದ್ರಿ," ಎಂದು ನಾನು ಗೇರು ಬದಲಿಸಿದೆ.