ನಾಲ್ಕನೇ ಬಾಗಿಲಿನ ಎಡಮೂಲೆ

ಶೀತಲ ಗೋದಾಮುಗಳಿಗೆ ದಪ್ಪ ಬಾಗಿಲು ಮಾಡಿಕೊಡುವ ಅವಳನ್ನು ಕೆಲಸದವರೂ ಗಿರಾಕಿಗಳೂ ಬಾಗಿಲಮ್ಮ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಶೆಡ್ಡಿನ ಹೊಣೆ ಅವಳದು, ಕಾಗದಪತ್ರದ ಕೆಲಸ ನಾದಿನಿಯದು.

ಮೀನು ಹೆಪ್ಪುಗಟ್ಟಿಸಿಡುವ ಗೋದಾಮೊಂದಕ್ಕೆ ಐದು ಬಾಗಿಲು ಕೂರಿಸಿದ ಎರಡನೇ ವರ್ಷ ಜಗಳ ಹತ್ತಿಕೊಂಡಿತು. ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ, ತಂಪು ಸೋರುತ್ತಿದೆ ಎಂದು ಕಂಪನಿಯ ದೂರು. ತಕರಾರು ಬಂದರೆ ಮಧ್ಯಸ್ಥಗಾರರ ಮುಂದೆ ಹೋಗಬೇಕೆಂದು ಒಪ್ಪಂದದಲ್ಲೇ ಇತ್ತು. ಮಧ್ಯಸ್ಥಗಾರರಾಗಿ ಬಂದ ನಿವೃತ್ತ ಎಂಜಿನಿಯರೊಬ್ಬರು ಏಳು ಸಲ ವಿಚಾರಣೆ ನಡೆಸಿ, ತಪ್ಪು ಬಾಗಿಲಿನದೇ ಎಂದು ತೀರ್ಪು ಕೊಟ್ಟರು.

ನಾದಿನಿ ಅದನ್ನು ಓದಿ ಹೇಳುತ್ತಿದ್ದಾಗ ಮೂವತ್ತೊಂದನೇ ಪುಟದಲ್ಲಿ ಬಾಗಿಲಮ್ಮ ಕೈಯೆತ್ತಿ ನಿಲ್ಲಿಸಿದಳು. ನಾಲ್ಕನೇ ಬಾಗಿಲಿನ ಕೆಳಗಿನ ರಬ್ಬರ್ ಪಟ್ಟಿ ಎಡಮೂಲೆಯಲ್ಲಿ ನೆಲಕ್ಕೆ ಉಜ್ಜಿ ಸವೆದಿದೆ ಎಂದಿತ್ತು.

"ಇದು ಅವರಿಗೆ ಹೇಗೆ ಗೊತ್ತಾಯ್ತು?"

"ಯಾರೋ ಹೇಳಿರ್ತಾರೆ ಬಿಡಿ ಅತ್ತಿಗೆ."

ಬಿಡುವುದು ಅವಳ ಜಾಯಮಾನವಲ್ಲ. ಒಂದು ವಾರ ಇಬ್ಬರೂ ಕೂತು ಸಾಕ್ಷಿ, ಫೋಟೊ, ಪತ್ರಗಳನ್ನೆಲ್ಲ ಜಾಲಾಡಿದರು. ಎಡಮೂಲೆಯ ಸುದ್ದಿ ಎಲ್ಲೂ ಇರಲಿಲ್ಲ. ಸೋತ ಬೇಸರ ಎತ್ತಲೋ ಹೋಗಿ, ಈ ಒಂದು ವಾಕ್ಯ ಎಲ್ಲಿಂದ ಬಂತೆಂಬ ಹುಳ ತಲೆ ಹೊಕ್ಕಿತು.

ತೀರ್ಪನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದೇ ಎಂದು ಕೇಳಲು ಇಬ್ಬರೂ ವಕೀಲರೊಬ್ಬರ ಬಳಿ ಹೋದರು. ಬಾಗಿಲು ಒಳ್ಳೆಯದೋ ಕೆಟ್ಟದ್ದೋ ಎಂದು ಕೋರ್ಟು ನೋಡುವುದಿಲ್ಲ, ತೀರ್ಪು ನ್ಯಾಯವಾದ ರೀತಿಯಲ್ಲಿ ಬಂತೇ ಎಂದಷ್ಟೇ ನೋಡುತ್ತದೆ, ಇಂಥ ಅರ್ಜಿಗಳಲ್ಲಿ ಹೆಚ್ಚಿನವು ಬಿದ್ದುಹೋಗುತ್ತವೆ ಎಂದು ವಕೀಲರು ಮುಚ್ಚುಮರೆಯಿಲ್ಲದೆ ಹೇಳಿದರು. ಆದರೆ ಆ ಪುಟವನ್ನು ಅವರು ಎರಡು ಸಲ ಓದಿದರು. ಅವಳ ಪ್ರಶ್ನೆಯನ್ನೇ ಅರ್ಜಿಯಲ್ಲಿ ಬರೆದರು.

ಉತ್ತರ ಆ ಅರ್ಜಿಗೆ ಕಂಪನಿ ಸಲ್ಲಿಸಿದ ಆಕ್ಷೇಪಣೆಯಲ್ಲೇ ಸಿಕ್ಕಿತು. ಮಧ್ಯಸ್ಥಗಾರರು ಆ ಕಡೆ ಹೋಗುವಾಗ ಹದಿನೈದೇ ನಿಮಿಷ ಗೋದಾಮು ನೋಡಿ ಬಂದಿದ್ದರು, ಮ್ಯಾನೇಜರ್ ತೋರಿಸಿದ್ದರು, ಅದರಲ್ಲೇನು ತಪ್ಪು ಎಂದು ಬರೆದಿದ್ದರು. ಬಾಗಿಲಮ್ಮನಿಗೆ ಮಾತ್ರ ಯಾರೂ ತಿಳಿಸಿರಲಿಲ್ಲ.

"ಇವರು ಅಲ್ಲಿದ್ದಿದ್ದರೆ ಏನು ಹೇಳ್ತಿದ್ರು ಅಂತ ನಿಮಗೆ ಗೊತ್ತಾ?" ಎಂದು ನ್ಯಾಯಾಧೀಶರು ಕಂಪನಿಯ ವಕೀಲರನ್ನು ಕೇಳಿದರು. ಒಬ್ಬರ ಬೆನ್ನ ಹಿಂದೆ ಕಂಡದ್ದನ್ನು ನೆಚ್ಚಿದ ತೀರ್ಪು ನಿಲ್ಲದೆಂದು ರದ್ದಾಯಿತು. ಯಾರದು ಸರಿ ಎಂಬುದರ ಬಗ್ಗೆ ಆದೇಶದಲ್ಲಿ ಒಂದಕ್ಷರವೂ ಇರಲಿಲ್ಲ.

ನಾದಿನಿ ಗೆದ್ದೆವೆಂದು ಹಿಗ್ಗಿದಳು. ಬಾಗಿಲಮ್ಮನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ತಾನು ಕೂರಿಸುವಾಗ ನೆಲ ಸಮವಾಗಿತ್ತು, ಹಾಗಾದರೆ ಒಂದೇ ಮೂಲೆ ಸವೆದದ್ದೇಕೆ?

ತಕರಾರಿನ ವಿಚಾರಣೆ ಮತ್ತೆ ಮೊದಲಿನಿಂದ ಶುರುವಾಯಿತು. ಹೊಸದಾಗಿ ಬಂದ ಮಧ್ಯಸ್ಥಗಾರ್ತಿ ಎರಡೂ ಕಡೆಯವರನ್ನು ಕರೆದು ಮೊದಲ ವಿಚಾರಣೆಯನ್ನು ಗೋದಾಮಿನಲ್ಲೇ ಇಟ್ಟರು. ಬಾಗಿಲಮ್ಮ ನಾಲ್ಕನೇ ಬಾಗಿಲ ಬಳಿ ಮಂಡಿಯೂರಿ ನೆಲದ ಮೇಲೆ ರಸಮಟ್ಟ ಇಟ್ಟಳು. ಅದರ ಗಾಜಿನೊಳಗಿನ ಗುಳ್ಳೆ ಎತ್ತರದ ಕಡೆಗೆ, ಎಡಕ್ಕೆ ಜಾರಿತು. ಬಾಗಿಲು ಇಳಿದಿರಲಿಲ್ಲ, ನೆಲವೇ ಎದ್ದಿತ್ತು.

"ಮಣ್ಣು ಹೆಪ್ಪುಗಟ್ಟದಿರಲಿ ಅಂತ ನೆಲದಡಿ ಬಿಸಿ ತಂತಿ ಹಾಕಿಸಿದ್ರಲ್ಲ, ಅದು ನಡೀತಾ ಇದೆಯಾ?" ಎಂದು ಮ್ಯಾನೇಜರನ್ನು ಕೇಳಿದಳು.

ಅದು ಬಾಗಿಲು ಕೂರಿಸಿದ ಮೊದಲ ವರ್ಷವೇ ಕೆಟ್ಟಿತ್ತು. ಅಡಿಯ ಮಣ್ಣಿನ ತೇವ ಹೆಪ್ಪುಗಟ್ಟಿ ಹಿಗ್ಗಿ ಕಾಂಕ್ರೀಟನ್ನೇ ಮೇಲೆತ್ತಿತ್ತು. ಎರಡನೆಯ, ಮೂರನೆಯ ಬಾಗಿಲಲ್ಲೂ ಅದೇ ಕಥೆ. ಒಂದನೆಯ ಮತ್ತು ಐದನೆಯದರ ಬಳಿ ಮಾತ್ರ ನೆಲ ಸಮವಾಗಿಯೇ ಇತ್ತು, ಆದರೂ ರಬ್ಬರ್ ತಾನಾಗಿ ಬಿರುಕುಬಿಟ್ಟಿತ್ತು.

"ಇವೆರಡು ನಮ್ಮ ತಪ್ಪೇ. ಬರ್ಕೊಳ್ಳಿ," ಎಂದಳು. ನಾದಿನಿ ಮೊಣಕೈಯಿಂದ ತಿವಿದರೂ ಮಾತು ಹಿಂತೆಗೆದುಕೊಳ್ಳಲಿಲ್ಲ.

ಇನ್ನೊಂದು ತೀರ್ಪು ಬರೆಯುವ ಪ್ರಮೇಯವೇ ಬರಲಿಲ್ಲ. ಕಂಪನಿ ನೆಲ ಒಡೆಸಲು ಒಪ್ಪಿತು, ಅವಳು ಎರಡು ಬಾಗಿಲಿನ ಪಟ್ಟಿ ಬದಲಿಸಲು ಒಪ್ಪಿದಳು. ನೆಲ ಅಗೆಯುವ ದಿನ ಯಾರೂ ಕರೆಯದಿದ್ದರೂ ಹೋಗಿ, ಮಣ್ಣಿನೊಳಗೆ ಬೆಳೆದಿದ್ದ ಬಿಳಿ ಮಂಜುಗಡ್ಡೆಯ ಪದರಗಳನ್ನು ಮುಟ್ಟಿ ನೋಡಿ, ಎಷ್ಟು ದಪ್ಪವೆಂದು ಅಳೆದುಕೊಂಡು ಬಂದಳು.